ನಾಲ್ಕು ಕೊಂಬಿನ ಶಿವಥೀರಿಯಂ: ಪೇಪರು, ತಂತಿಯಲ್ಲಿ ಮಾಡುವ ಬಗೆ

ಶಿವಥೀರಿಯಂ ಎಂದರೆ ಜಿರಾಫೆಯ ಕುಟುಂಬದ, ಅಳಿದುಹೋದ ಒಂದು ದೊಡ್ಡ ಪ್ರಾಣಿ. ನಾನು ಮಾಡಿದ ಅದರ ಮೊದಲನೇ ಮಾಡೆಲ್ ಒಂದೇ ರಾತ್ರಿಯಲ್ಲಿ ಮುಗ್ಗರಿಸಿತು. ಒಣಗಲಿ ಎಂದು ಜಗುಲಿಯ ಮೇಲೆ ಇಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಮೂತಿ ಹಲಗೆಗೆ ಊರಿದೆ, ಹಿಂಗಾಲು ಅರ್ಧ ಮೇಲೆದ್ದಿದೆ. ಮೊಮ್ಮಗಳು ಪುಟ್ಟಿ ಹಲ್ಲುಜ್ಜುತ್ತಲೇ ಬಂದು, "ತಾತ, ಇದು ನೀರು ಕುಡೀತಿದೆಯಾ?" ಎಂದಳು. ನಮ್ಮಾಕೆ ಅಡುಗೆಮನೆಯಿಂದಲೇ, "ಇಲ್ಲ ಕಣೆ, ನಿಮ್ಮ ತಾತನ ಕೈಕೆಲಸಕ್ಕೆ ಅಡ್ಡಬಿದ್ದು ನಮಸ್ಕಾರ ಮಾಡ್ತಿದೆ" ಎಂದಳು.

ಆಗಿದ್ದು ಇಷ್ಟೆ. ಕುತ್ತಿಗೆಗೆ ತೆಳ್ಳಗಿನ ತಂತಿ ಹಾಕಿದ್ದೆ. ಅದರ ತುದಿಗೆ ಹಸಿ ಪೇಪರ್ ಹಿಟ್ಟಿನ ದೊಡ್ಡ ತಲೆ. ತಲೆಯ ಮೇಲೆ ನಾಲ್ಕು ಕೊಂಬು. ಎಲ್ಲಿಂದ ನಿಲ್ಲಬೇಕು? ಆವತ್ತು ತಿಂಡಿ ತಿನ್ನುತ್ತಾ ಬಗ್ಗಿದ ಆ ಕುತ್ತಿಗೆಯನ್ನೇ ನೋಡುತ್ತಾ ಕೂತೆ. ನಿಜವಾದ ಪ್ರಾಣಿಗೂ ಇದೇ ತೊಂದರೆ ಇತ್ತಲ್ಲ, ಅದು ಹೇಗೆ ನಿಭಾಯಿಸಿತ್ತು ಎಂದು ಯೋಚಿಸಿದೆ. ಎರಡನೇ ಸಲ ಮಾಡಿದಾಗ ಆ ಉತ್ತರದಿಂದಲೇ ಶುರು ಮಾಡಿದೆ. ಕೆಳಗೆ ಬರೆದಿರುವುದು ಆ ಎರಡನೇದರ ವಿಧಾನ.

ನಾನು ತಿಪಟೂರಿನ ಕಡೆಯವನು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರ್ ಆದವನು. ವಿಜ್ಞಾನ ನನ್ನ ಪಾಠವಲ್ಲ. ಆದರೆ ಪ್ರತಿ ವರ್ಷ ವಿಜ್ಞಾನ ಪ್ರದರ್ಶನ ಬಂದರೆ ಮಾಡೆಲ್ ಮಾಡಿಸುವ ಕೆಲಸ ಮಾತ್ರ ನನ್ನ ತಲೆಗೇ ಬರುತ್ತಿತ್ತು. ಅಳಿದುಹೋದ ಪ್ರಾಣಿ ಎಂದರೆ ಮಕ್ಕಳೆಲ್ಲ ಟಿ ರೆಕ್ಸ್ ಮಾಡಿಕೊಂಡು ಬರುತ್ತಾರೆ. ಒಂದು ವರ್ಷ ಒಂದೇ ಸಾಲಿನಲ್ಲಿ ಐದು ಟಿ ರೆಕ್ಸ್ ನಿಂತಿದ್ದವು, ಎಲ್ಲವೂ ಹಸಿರು ಬಣ್ಣದ್ದು. ಪುಟ್ಟಿಯ ಸರದಿ ಬಂದಾಗ ಬೇರೆ ಏನಾದರೂ ಮಾಡೋಣ ಎಂದುಕೊಂಡೆ.

ಆ ಹೊತ್ತಿಗೆ ನನ್ನ ಮಗ ಚಂಡೀಗಢದಲ್ಲಿ ಕೆಲಸದಲ್ಲಿದ್ದ. ಹೋದಾಗ ಒಂದು ದಿನ ಹಿಮಾಚಲ ಪ್ರದೇಶದ ಸಿರ್ಮೌರ್ ಜಿಲ್ಲೆಯ ಸುಕೇತಿಗೆ ಕರೆದುಕೊಂಡು ಹೋಗಿದ್ದ. ನಾಹನ್ ಊರಿನಿಂದ ಸ್ವಲ್ಪ ದೂರ, ಮಾರ್ಕಂಡ ನದಿಯ ಕಡೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು 1974ರಲ್ಲಿ ಅಲ್ಲಿ ಪಳೆಯುಳಿಕೆಗಳ ಪಾರ್ಕ್ ಮಾಡಿದ್ದಾರೆ. ಶಿವಾಲಿಕ್ ಬೆಟ್ಟಗಳಲ್ಲಿ ಬದುಕಿದ್ದ ಪ್ರಾಣಿಗಳನ್ನು ಫೈಬರ್ ಗ್ಲಾಸಿನಲ್ಲಿ ನಿಜ ಗಾತ್ರಕ್ಕೆ ಮಾಡಿ ಬಯಲಲ್ಲಿ ನಿಲ್ಲಿಸಿದ್ದಾರೆ. ಉದ್ದ ದಂತದ ಸ್ಟೆಗೊಡಾನ್ ಆನೆ, ಭಾರಿ ಆಮೆ, ನೀರಾನೆ, ಮತ್ತೆ ನಾಲ್ಕು ಕೊಂಬಿನ ಜಿರಾಫೆ. ಆ ಕೊನೆಯದನ್ನು ನೋಡಿ ಪುಟ್ಟಿ, "ತಾತ, ಇದು ಹಸುನಾ, ಜಿಂಕೆನಾ, ಒಂಟೆನಾ?" ಎಂದಳು. ಅಲ್ಲೇ ತೀರ್ಮಾನವಾಯಿತು.

ಮೊದಲು ಪ್ರಾಣಿ ಯಾವುದೆಂದು ತಿಳಿದುಕೊಳ್ಳಿ

ಇದನ್ನು ಬಿಟ್ಟು ನೇರ ತಂತಿ ಬಗ್ಗಿಸಲು ಹೋದರೆ ಕೊನೆಗೆ ಕೊಂಬಿರುವ ಕುದುರೆ ಆಗುತ್ತದೆ. ನಾನು ಕಂಡಿದ್ದೇನೆ.

ಶಿವಥೀರಿಯಂ ಜಿರಾಫೆಯ ಕುಟುಂಬದ್ದು. ಆ ಕುಟುಂಬದಲ್ಲಿ ಇವತ್ತು ಉಳಿದಿರುವುದು ಜಿರಾಫೆ ಮತ್ತು ಕಾಂಗೋ ಕಾಡಿನ ಒಕಾಪಿ ಮಾತ್ರ. ಹಿಂದೆ ಈ ಕುಟುಂಬ ದೊಡ್ಡದಿತ್ತು. ಕಾಲಿಗೆ ಹಸುವಿನ ಹಾಗೆ ಸೀಳು ಗೊರಸು, ಮೆಲುಕು ಹಾಕುವ ಪ್ರಾಣಿ. ಡೈನೋಸಾರ್ ಅಲ್ಲವೇ ಅಲ್ಲ. ಡೈನೋಸಾರುಗಳು ಹೋಗಿ ಆರೂವರೆ ಕೋಟಿ ವರ್ಷ ದಾಟಿದೆ. ಇದು ಮೊನ್ನೆ ಮೊನ್ನೆಯದು. ಶಿವಾಲಿಕ್ ಬೆಟ್ಟಗಳ ಮೇಲಿನ ಪದರಗಳಲ್ಲಿ ಇದರ ಮೂಳೆ ಸಿಗುತ್ತದೆ. ಅದರಲ್ಲಿ ಒಂದು ಪದರಕ್ಕೆ ಚಂಡೀಗಢದ ಪಕ್ಕದ ಪಿಂಜೋರ್ ಊರಿನ ಹೆಸರೇ ಇದೆ. ಅದು ಸುಮಾರು 26 ಲಕ್ಷ ವರ್ಷದಿಂದ ಈಚಿನದು. ಇದೇ ಜಾತಿಯ ನೆಂಟರು ಆಫ್ರಿಕದಲ್ಲೂ ಇದ್ದರು.

ಹೆಸರು ಇಟ್ಟಿದ್ದು 1836ರಲ್ಲಿ. ಇಟ್ಟವರು ಇಬ್ಬರು. ಹ್ಯೂ ಫಾಲ್ಕನರ್ ಎಂಬ ಡಾಕ್ಟರ್, ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದವರು. ಇನ್ನೊಬ್ಬರು ಪ್ರೋಬಿ ಕಾಟ್ಲಿ, ಯಮುನಾ ಕಾಲುವೆಯ ಇಂಜಿನಿಯರ್. ಮುಂದೆ ಗಂಗಾ ಕಾಲುವೆ ಕಟ್ಟಿಸಿದವರೂ ಇವರೇ. ಒಬ್ಬರು ಗಿಡ ನೋಡುವವರು, ಒಬ್ಬರು ನೀರು ಹರಿಸುವವರು. ಇಬ್ಬರೂ ಸೇರಿ ಬೆಟ್ಟದಲ್ಲಿ ಮೂಳೆ ಹುಡುಕಿದರು. 1837ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಇಬ್ಬರಿಗೂ ವೊಲಾಸ್ಟನ್ ಪದಕ ಕೊಟ್ಟಿತು. ಆ ಬೆಟ್ಟದಲ್ಲಿ ಮೂಳೆ ಸಿಗುತ್ತದೆ ಎನ್ನುವುದು ಹೊಸ ಸುದ್ದಿಯೇನೂ ಆಗಿರಲಿಲ್ಲ. ಫಿರೋಜ್ ಷಾ ತುಘಲಕ್ ಕಾಲುವೆ ತೋಡಿಸಿದಾಗಲೇ ದೊಡ್ಡ ದೊಡ್ಡ ಮೂಳೆ ಸಿಕ್ಕಿದ್ದವು ಎಂದು ಫೆರಿಷ್ತಾ ಎಂಬ ಚರಿತ್ರೆಕಾರ ಬರೆದಿದ್ದಾನೆ. ಅವನ್ನು ರಾಕ್ಷಸ ಗಾತ್ರದ ಮನುಷ್ಯರ ಮೂಳೆ ಎಂದುಕೊಂಡರಂತೆ.

ಶಿವನ ಹೆಸರಿಗೆ ಗ್ರೀಕಿನ ಥೀರಿಯಾನ್ ಸೇರಿಸಿದ್ದಾರೆ. ಥೀರಿಯಾನ್ ಎಂದರೆ ಮೃಗ. ಒಟ್ಟಿನಲ್ಲಿ ಶಿವನ ಮೃಗ. ಇದರ ನೆಂಟರಲ್ಲಿ ಗುಜರಾತಿನ ಪೀರಂ ದ್ವೀಪದ್ದಕ್ಕೆ ಬ್ರಹ್ಮಥೀರಿಯಂ ಎಂದು ಹೆಸರು. ವಿಷ್ಣುಥೀರಿಯಂ ಕೂಡ ಇದೆ. ತ್ರಿಮೂರ್ತಿಗಳನ್ನೂ ಜಿರಾಫೆ ಮನೆಗೆ ಸೇರಿಸಿಬಿಟ್ಟಿದ್ದಾರೆ. ಪ್ರದರ್ಶನಕ್ಕೆ ಬಂದವರಿಗೆ ಇದೊಂದು ಮಾತು ಹೇಳಿದರೆ ಸಾಕು, ನಿಂತು ಕೇಳುತ್ತಾರೆ.

ಅಳತೆ

ಹತ್ತರಲ್ಲಿ ಒಂದು ಪಾಲು ಇಟ್ಟುಕೊಳ್ಳಿ. ಲೆಕ್ಕ ಸುಲಭ, ಬಸ್ಸಿನಲ್ಲಿ ತೊಡೆಯ ಮೇಲೂ ಕೂರುತ್ತದೆ. ನಿಜ ಪ್ರಾಣಿಯ ಭುಜದ ಎತ್ತರ ಆರರಿಂದ ಏಳು ಅಡಿ ಎಂದು ಬೇರೆ ಬೇರೆ ಲೆಕ್ಕಗಳಿವೆ. ನಾನು ಎರಡು ಮೀಟರ್ ಎಂದು ಹಿಡಿದೆ. ಅಂದರೆ ಮಾಡೆಲಿನ ಭುಜ 20 ಸೆಂಟಿಮೀಟರ್. ಎದೆಯಿಂದ ಹಿಂಭಾಗಕ್ಕೂ ಸುಮಾರು ಅಷ್ಟೇ ಇಟ್ಟೆ. ತಲೆ 7, ಹಿಂದಿನ ದೊಡ್ಡ ಕೊಂಬು ಒಂದೊಂದು 8. ಈ ಕೊನೆಯ ಮೂರು ನನ್ನ ಕಣ್ಣಳತೆ. ತಲೆಬುರುಡೆಯ ಚಿತ್ರ ಪಕ್ಕದಲ್ಲಿಟ್ಟುಕೊಂಡು ಮಾಡಿದ್ದು. ನಿಮ್ಮ ಕಣ್ಣಿಗೆ ಸ್ವಲ್ಪ ಹೆಚ್ಚುಕಮ್ಮಿ ಕಂಡರೆ ಬದಲಾಯಿಸಿಕೊಳ್ಳಿ.

ಒಂದು ದೊಡ್ಡ ಹಾಳೆಯ ಮೇಲೆ ಪಕ್ಕದಿಂದ ಕಾಣುವ ಹಾಗೆ ನಿಜ ಮಾಡೆಲಿನ ಗಾತ್ರಕ್ಕೇ ಬರೆದುಕೊಳ್ಳಿ. ಮೊದಲು ಮೂಳೆ ಬರೆಯಿರಿ, ಆಮೇಲೆ ಮೈ. ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿದ್ದೇನೆ, ಯಾರೂ ಕೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ. ಜಿರಾಫೆಯ ಚಿತ್ರ ಇಟ್ಟುಕೊಂಡು ಕುತ್ತಿಗೆ ಕತ್ತರಿಸಿದರೆ ಶಿವಥೀರಿಯಂ ಆಗುವುದಿಲ್ಲ. ಕಾಲು ಗಿಡ್ಡ, ದಪ್ಪ. ಮೈ ಎಮ್ಮೆಯಷ್ಟು ತುಂಬಿಕೊಂಡಿದೆ. ಬೆನ್ನು ಜಿರಾಫೆಯಷ್ಟು ಇಳಿಜಾರಾಗಿ ಜಾರುವುದಿಲ್ಲ.

ಬೇಕಾದ ಸಾಮಾನು

ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲದ ಪ್ಲೈವುಡ್ ತುಂಡು. ಕೈಯಲ್ಲಿ ಬಗ್ಗಿಸಲು ಸ್ವಲ್ಪ ಕಷ್ಟವಾಗುವಷ್ಟು ದಪ್ಪದ ಜಿಐ ತಂತಿ ಮೂರು ಮೀಟರ್. ಕಂಬಿ ಕಟ್ಟುವವರು ಬಳಸುವ ಬೈಂಡಿಂಗ್ ವೈರ್ ಒಂದು ಸುತ್ತು, ಗಾರೆ ಕೆಲಸದವರನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಕಟಿಂಗ್ ಪ್ಲೇಯರ್. ಹಳೇ ನ್ಯೂಸ್ ಪೇಪರ್ ಒಂದು ಕಂತೆ. ಸೆಣಬಿನ ಹುರಿ. ತೆಂಗಿನ ನಾರು, ಇದು ನಮ್ಮೂರಲ್ಲಿ ಕಾಲಿಗೆ ತೊಡರುತ್ತದೆ, ನಿಮ್ಮಲ್ಲಿ ಸಿಗದಿದ್ದರೆ ಹಳೇ ಗೋಣಿಚೀಲ ಬಿಚ್ಚಿಕೊಳ್ಳಿ. ಒಂದು ತುಂಡು ಥರ್ಮೋಕೋಲ್, ರಟ್ಟು, ಹಳೇ ಕಾಟನ್ ಪಂಚೆ. ಮೈದಾ, ಫೆವಿಕಾಲ್, ಚಾಕ್ ಪೌಡರ್, ಉಪ್ಪು ಕಾಗದ, ಪೋಸ್ಟರ್ ಬಣ್ಣ.

ಪೇಪರ್ ಹಿಟ್ಟು ಹಿಂದಿನ ದಿನವೇ ತಯಾರಾಗಬೇಕು. ಪೇಪರನ್ನು ಬೆರಳಗಲ ಹರಿದು ಒಂದು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಜಾಸ್ತಿ ನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿ. ಹಳೇ ಮಿಕ್ಸಿ ಜಾರ್ ಇದ್ದರೆ ಮಾತ್ರ. ನಾನು ಪುಟ್ಟಿಯ ಹಳೇ ನೋಟ್ಸನ್ನೂ ಸೇರಿಸಿ ರುಬ್ಬಿದೆ, ಅದರಲ್ಲಿ ಒಂದು ಪಿನ್ ಇತ್ತು. ಜಾರಿನ ಬ್ಲೇಡ್ ಹೋಯಿತು. ಅವತ್ತು ಮನೆಯಲ್ಲಿ ಚಟ್ನಿ ಆಗಲಿಲ್ಲ, ಮಾತೂ ಆಗಲಿಲ್ಲ. ರುಬ್ಬಿದ್ದನ್ನು ಬಟ್ಟೆಯಲ್ಲಿ ಹಿಂಡಿ. ಒಂದು ಬಟ್ಟಲು ಹಿಂಡಿದ ಪೇಪರಿಗೆ ಮೂರು ಚಮಚ ಫೆವಿಕಾಲ್, ಎರಡು ಚಮಚ ಚಾಕ್ ಪೌಡರ್ ಹಾಕಿ ನಾದಿ. ಅಕ್ಕಿರೊಟ್ಟಿ ಹಿಟ್ಟಿನ ಹದ ಬರಬೇಕು, ತಟ್ಟಿದರೆ ಅಂಚು ಬಿರಿಯಬಾರದು.

ಪೇಪರ್ ಪಟ್ಟಿ ಅಂಟಿಸಲು ಮೈದಾ ಅಂಟು. ಒಂದು ಲೋಟ ಮೈದಾಕ್ಕೆ ನಾಲ್ಕು ಲೋಟ ನೀರು, ಗಂಟಾಗದ ಹಾಗೆ ಕಲಸಿ ಸಣ್ಣ ಉರಿಯಲ್ಲಿ ಕಾಯಿಸಿ. ಇಲಿ, ಜಿರಲೆ ತಿನ್ನಬಾರದೆಂದು ಹಿಂದೆ ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆವು. ಅದು ವಿಷ. ಮಕ್ಕಳು ಕೈ ಹಾಕುವ ಕೆಲಸವಾದ್ದರಿಂದ ನಾನು ಈ ಸಲ ಹಾಕಲಿಲ್ಲ. ಅದರ ಫಲ ಕೊನೆಯಲ್ಲಿ ಹೇಳುತ್ತೇನೆ.

ತಂತಿ ಕಟ್ಟುವುದು, ಮತ್ತೆ ಆ ಕುತ್ತಿಗೆ

ಎರಡು ಉದ್ದನೆ ತಂತಿ ತೆಗೆದುಕೊಳ್ಳಿ. ಒಂದೊಂದೂ ಹಿಂಗಾಲಿನ ಬುಡದಿಂದ ಶುರುವಾಗಿ, ಬೆನ್ನಿನ ಮೇಲೆ ಹಾದು, ಕುತ್ತಿಗೆಯಲ್ಲಿ ಹೋಗಿ ತಲೆಯ ಒಳಗೆ ಮುಗಿಯಬೇಕು. ಮಧ್ಯೆ ಎಲ್ಲೂ ತುಂಡು ಮಾಡಬೇಡಿ. ನನ್ನ ಮೊದಲ ಮಾಡೆಲಿನ ತಪ್ಪು ಇದೇ. ತಲೆಗೆ ಬೇರೆ ತಂತಿ, ಮೈಗೆ ಬೇರೆ ತಂತಿ ಮಾಡಿ ಭುಜದ ಹತ್ತಿರ ಗಂಟು ಹಾಕಿದ್ದೆ. ಗಂಟು ತಿರುಗಿತು, ತಲೆ ಬಿತ್ತು. ಮುಂಗಾಲಿಗೆ ಇನ್ನೊಂದು ತಂತಿ, ಭುಜದ ಮೇಲೆ ಕಮಾನಿನ ಹಾಗೆ ಬಗ್ಗಿಸಿ ಬೈಂಡಿಂಗ್ ವೈರಿನಿಂದ ಬಿಗಿಯಾಗಿ ಸುತ್ತಿ. ಪ್ಲೈವುಡ್ಡಿಗೆ ನಾಲ್ಕು ತೂತು ಕೊರೆದು ಕಾಲಿನ ತಂತಿಗಳನ್ನು ಒಂದು ಬೆರಳುದ್ದ ಕೆಳಗೆ ಇಳಿಸಿ, ಅಡಿಯಲ್ಲಿ ಮಡಚಿ ಮೊಳೆ ಹೊಡೆಯಿರಿ.

ಕುತ್ತಿಗೆಯ ಜಾಗದಲ್ಲಿ ಮೂರನೇ ತಂತಿ ಸೇರಿಸಿ ಮೂರನ್ನೂ ಜಡೆಯ ಹಾಗೆ ಹೊಸೆಯಿರಿ. ಭುಜದಿಂದ ತಲೆಯವರೆಗೆ ಏಳು ಸೆಂಟಿಮೀಟರ್ ಸಾಕು. ಮುಂದಕ್ಕೆ ಚಾಚಿರಲಿ, ಸ್ವಲ್ಪ ಮೇಲಕ್ಕೆ.

ಇಲ್ಲಿ ನಿಂತು ಒಂದು ಮಾತು. ಮನುಷ್ಯನಿಗೆ ಕುತ್ತಿಗೆಯಲ್ಲಿ ಏಳು ಮೂಳೆ. ಜಿರಾಫೆಗೂ ಏಳೇ. ಒಂದೊಂದು ಮೂಳೆ ಉದ್ದುದ್ದ ಬೆಳೆದು ಆ ಕುತ್ತಿಗೆ ಆಗಿದೆ. ಶಿವಥೀರಿಯಂಗೂ ಏಳು, ಆದರೆ ಒಂದೊಂದೂ ಮೊಟಕು, ಗಟ್ಟಿ. ನಾವು ಸಾಮಾನ್ಯವಾಗಿ ಮೊದಲು ಗಿಡ್ಡ ಕುತ್ತಿಗೆ ಇತ್ತು, ಆಮೇಲೆ ಉದ್ದವಾಯಿತು ಎಂದುಕೊಳ್ಳುತ್ತೇವೆ ಅಲ್ವಾ? ಇದರ ವಿಷಯದಲ್ಲಿ ಹಾಗಲ್ಲ. ಜಿರಾಫೆ ಕುಟುಂಬದ ಕುತ್ತಿಗೆ ಮೂಳೆಗಳನ್ನು ಹೋಲಿಸಿ ನೋಡಿದವರು 2015ರಲ್ಲಿ ಹೇಳಿದ್ದು, ಇದರ ಕುತ್ತಿಗೆ ಮತ್ತೆ ಗಿಡ್ಡವಾಗಿದ್ದು ಎಂದು. ಒಂದೇ ಮನೆಯಲ್ಲಿ ಒಬ್ಬರದು ಉದ್ದಕ್ಕೆ ಹೋಯಿತು, ಇನ್ನೊಬ್ಬರದು ಗಿಡ್ಡಕ್ಕೆ ಬಂತು. ಕಾರಣ ಏನೇ ಇರಲಿ, ಜಗುಲಿಯ ಮೇಲೆ ಮುಗ್ಗರಿಸಿದ ಮಾಡೆಲ್ ನೋಡಿದ ನನಗೆ ಗಿಡ್ಡವಾಗಿದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಉದ್ದ ಕೋಲಿನ ತುದಿಗೆ ಬಿಂದಿಗೆ ಕಟ್ಟಿ ಹಿಡಿದು ನೋಡಿ. ಆಮೇಲೆ ಗಿಡ್ಡ ಕೋಲಿಗೆ ಕಟ್ಟಿ ಹಿಡಿದು ನೋಡಿ. ಮಣಿಕಟ್ಟೇ ಹೇಳುತ್ತದೆ.

ಹಾಗಾಗಿ ನಿಯಮ ಇದು: ತಲೆ ಮುಟ್ಟುವ ಮೊದಲು ಕುತ್ತಿಗೆ ಮುಗಿಯಬೇಕು. ಹೊಸೆದ ತಂತಿಗೆ ತೆಂಗಿನ ನಾರನ್ನು ಫೆವಿಕಾಲಿನಲ್ಲಿ ಅದ್ದಿ ಬಿಗಿಯಾಗಿ ಸುತ್ತಿ. ಅದರ ಮೇಲೆ ಪಂಚೆಯ ಪಟ್ಟಿ. ಮತ್ತೆ ನಾರು, ಮತ್ತೆ ಪಟ್ಟಿ. ಭುಜದ ಹತ್ತಿರ ನಿಮ್ಮ ಮೂರು ಬೆರಳಿನಷ್ಟು ದಪ್ಪ ಬರಲಿ. ಮೂರು ದಿನ ಒಣಗಲು ಬಿಡಿ. ಒಣಗಿದ ಮೇಲೆ ತುದಿಗೆ ಒಂದು ಸಣ್ಣ ಬೀಗ ನೇತುಹಾಕಿ ನೋಡಿ. ಬಾಗದಿದ್ದರೆ ಪಾಸ್.

ಭುಜದ ಮೇಲೆ ಸ್ವಲ್ಪ ಉಬ್ಬು ಕೊಡಿ. ಭಾರದ ತಲೆ ಹೊರುವ ಗೊರಸಿನ ಪ್ರಾಣಿಗಳಿಗೆ ಅಲ್ಲಿ ಬೆನ್ನುಮೂಳೆಯ ಮುಳ್ಳುಗಳು ಎತ್ತರ. ತಲೆಯನ್ನು ಹಿಡಿದೆಳೆಯುವ ನಾರು, ಮಾಂಸ ಅಲ್ಲಿಗೆ ಕಟ್ಟಿಕೊಂಡಿರುತ್ತವೆ. ಆದರೆ ಹಳ್ಳಿಕಾರ್ ಹೋರಿಯ ಹಿಣಿಲು ಮಾಡಬೇಡಿ. ನಮ್ಮ ಕೈ ಗೊತ್ತಿಲ್ಲದೆ ಅದನ್ನೇ ಮಾಡಿಬಿಡುತ್ತದೆ, ಬಸವಣ್ಣನನ್ನು ಮಾಡಿ ಅಭ್ಯಾಸ ನೋಡಿ. ಹಿಣಿಲು ಬೇರೆಯಾಗಿ ಎದ್ದು ನಿಂತಿರುತ್ತದೆ. ಇದು ಹಾಗಲ್ಲ. ಕುತ್ತಿಗೆಯಿಂದ ಬೆನ್ನಿಗೆ ದಿಬ್ಬ ಇಳಿದಂತೆ ಇಳಿಯಬೇಕು.

ಮೈ ಸುಲಭ. ಪೇಪರನ್ನು ಮುದ್ದೆ ಮಾಡಿ ಬೆನ್ನಿನ ತಂತಿಯ ಸುತ್ತ ಇಟ್ಟು ಹುರಿಯಿಂದ ಸುತ್ತಿ. ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಪೇಪರ್ ಪಟ್ಟಿ ನಾಲ್ಕು ಸುತ್ತು, ಒಂದು ಸುತ್ತು ಒಣಗಿದ ಮೇಲೆ ಇನ್ನೊಂದು. ಆಮೇಲೆ ತೆಳ್ಳಗೆ ಪೇಪರ್ ಹಿಟ್ಟು. ಅವಸರ ಮಾಡಿದರೆ ಒಳಗೆ ಬೂಸ್ಟು ಬರುತ್ತದೆ.

ಕಾಲಿಗೆ ಹಸುವಿನ ಕಾಲನ್ನು ನೋಡಿಕೊಂಡು ಮಾಡಿ, ಒಂದು ಬದಲಾವಣೆ ಸಾಕು. ಹಸುವಿಗೆ ಗೊರಸಿನ ಹಿಂದೆ, ಸ್ವಲ್ಪ ಮೇಲೆ, ಎರಡು ಪುಟ್ಟ ಗೊರಸು ಇರುತ್ತವೆ. ಜಿರಾಫೆಗೆ ಅವಿಲ್ಲ. ಇದಕ್ಕೂ ಹಾಕಬೇಡಿ. ಮುಂದೆ ಎರಡು ಗೊರಸು, ಅಷ್ಟೆ.

ತಲೆ, ಮೂಗು

ಥರ್ಮೋಕೋಲನ್ನು ಕೆತ್ತಿ ತಲೆಯ ಒಳಭಾಗ ಮಾಡಿ. ಹಗುರ ಇರಬೇಕು. ಹಣೆ ಅಗಲ, ಕುದುರೆಯ ಹಾಗೆ ಉದ್ದ ಕೊಳವೆ ಬೇಡ. ಹೊಸೆದ ತಂತಿಯ ತುದಿಗೆ ಚುಚ್ಚಿ ಫೆವಿಕಾಲ್ ಹಾಕಿ, ಮೇಲೆ ಬಟ್ಟೆ ಪಟ್ಟಿಯಿಂದ ಕುತ್ತಿಗೆಗೆ ಬಿಗಿಯಿರಿ.

ಮೂಗಿನ ಹತ್ತಿರ ಜಗಳ ಶುರುವಾಗುತ್ತದೆ. ತಲೆಬುರುಡೆಯಲ್ಲಿ ಮೂಗಿನ ಮೂಳೆ ಮೊಟಕು, ಮೂಗಿನ ತೂತು ಹಿಂದಕ್ಕೆ ಸರಿದಿದೆ. ಆನೆಯಂಥ ಸೊಂಡಿಲಿನ ಪ್ರಾಣಿಗಳಲ್ಲೂ ಹೀಗೇ ಇರುತ್ತದೆ. ಅದಕ್ಕೇ ಫಾಲ್ಕನರ್ ಇದಕ್ಕೂ ಸೊಂಡಿಲು ಇತ್ತು ಎಂದುಕೊಂಡರು. ಮೆಲುಕು ಹಾಕುವ ಪ್ರಾಣಿಗಳಿಗೂ ಆನೆ, ಖಡ್ಗಮೃಗದಂಥವಕ್ಕೂ ನಡುವಿನ ಕೊಂಡಿ ಇದು ಎಂಬುದು ಅವರ ಎಣಿಕೆ. 1871ರಲ್ಲಿ ಜೇಮ್ಸ್ ಮ್ಯೂರಿ ಎಂಬವರು, ಇಲ್ಲ, ಇದು ಉಬ್ಬು ಮೂಗಿನ ಸೈಗಾ ಹುಲ್ಲೆಯ ಥರ ಎಂದರು. ಹಳೇ ಚಿತ್ರಗಳಲ್ಲಿ ಎರಡೂ ಬಗೆ ಕಾಣುತ್ತವೆ. ಜಿರಾಫೆ ಕುಟುಂಬದ್ದೇ ಎನ್ನುವುದು ಗಟ್ಟಿಯಾದ ಮೇಲೆ ಸೊಂಡಿಲು ಉದುರಿಹೋಯಿತು. ನಾನು ಸ್ವಲ್ಪ ದಪ್ಪ ಮೂಗು, ಅಗಲ ಮೇಲ್ದುಟಿ ಇಟ್ಟೆ. ಮೂಗಿನ ಮಾಂಸ ಕಲ್ಲಾಗಿ ಉಳಿಯುವುದಿಲ್ಲವಲ್ಲ, ಇಲ್ಲಿ ನಿಮ್ಮ ಕೈಗೆ ಸ್ವಲ್ಪ ಸ್ವಾತಂತ್ರ್ಯ ಇದೆ. ಸ್ವಲ್ಪ ಮಾತ್ರ.

ಬಾಯಿ ಮುಚ್ಚಿರಲಿ. ತೆರೆದರೆ ಹಲ್ಲು ಮಾಡಬೇಕು, ಮಾಡಿದರೆ ಮಕ್ಕಳು ಮೇಲೆ ಮುಂದಿನ ಹಲ್ಲೂ ಸಾಲಾಗಿ ಜೋಡಿಸಿಬಿಡುತ್ತಾರೆ. ಮೆಲುಕು ಹಾಕುವ ಇಂಥ ಪ್ರಾಣಿಗಳಿಗೆ ಮೇಲೆ ಮುಂದಿನ ಹಲ್ಲೇ ಇಲ್ಲ, ಬರೀ ಗಟ್ಟಿ ವಸಡು. ಇನ್ನು ಜಿರಾಫೆ ಮನೆತನಕ್ಕೆ ಕೆಳಗಿನ ಕೋರೆಹಲ್ಲು ಸೀಳಿದ ಎಲೆಯ ಹಾಗೆ ಎರಡು ಹಾಳೆ ಇರುತ್ತದೆ. ಪಳೆಯುಳಿಕೆ ಹುಡುಕುವವರು ಈ ಒಂದು ಹಲ್ಲಿನಿಂದಲೇ ಕುಟುಂಬ ಗುರುತಿಸುತ್ತಾರೆ. ನಮ್ಮ ಗಾತ್ರದಲ್ಲಿ ಅದು ಸಾಸಿವೆಯಷ್ಟೂ ಆಗುವುದಿಲ್ಲ, ಬಿಡಿ.

ಕೊಂಬು: ಇಲ್ಲಿ ಮೋಸ ಮಾಡಬೇಡಿ

ಎಲ್ಲರೂ ತಪ್ಪುವ ಜಾಗ ಇದು. ನಾಲ್ಕು ಕೊಂಬು. ಮುಂದಿನ ಎರಡು ಕಣ್ಣಿನ ಮೇಲ್ಗಡೆ, ಚಿಕ್ಕವು, ಗೋಪುರದ ತುದಿಯ ಹಾಗೆ ಚೂಪು. ಹಿಂದಿನ ಎರಡು ತಲೆಯ ಹಿಂಭಾಗದಿಂದ ಎದ್ದು ಅಗಲವಾಗಿ, ಚಪ್ಪಟೆಯಾಗಿ ಹರಡಿಕೊಂಡವು. ಅಂಚಿನಲ್ಲಿ ಗುಬುಟುಗಳಿವೆ. ಅಂಗೈ ಬಿಡಿಸಿ ಕಿವಿಯ ಹಿಂದೆ ಇಟ್ಟುಕೊಳ್ಳಿ, ಅಂದಾಜು ಸಿಗುತ್ತದೆ. ಪುಟ್ಟಿ ಎರಡು ದಿನ ಮನೆ ತುಂಬಾ ಹಾಗೇ ಓಡಾಡಿದಳು.

ಇವು ಜಿಂಕೆಯ ಕೊಂಬಲ್ಲ. ಜಿಂಕೆಯದು ಪ್ರತಿ ವರ್ಷ ಉದುರಿ ಹೊಸದು ಬರುತ್ತದೆ. ಹಸುವಿನದೂ ಅಲ್ಲ. ಹಸುವಿಗೆ ಒಳಗೆ ಮೂಳೆ, ಹೊರಗೆ ಉಗುರಿನಂಥ ಚಿಪ್ಪು. ಜಿರಾಫೆಯ ತಲೆ ಮೇಲಿನವು ಮೂರನೇ ಬಗೆ. ಮೂಳೆಯ ಗುಬುಟು ಚರ್ಮದಡಿಯಲ್ಲಿ ಬೇರೆಯಾಗಿ ಬೆಳೆದು ಆಮೇಲೆ ತಲೆಬುರುಡೆಗೆ ಬೆಸೆದುಕೊಳ್ಳುತ್ತದೆ. ಮೇಲೆ ಚರ್ಮ, ಕೂದಲು ಇರುತ್ತದೆ, ಉದುರುವುದಿಲ್ಲ. ಇದಕ್ಕೆ ಆಸಿಕೋನ್ ಎನ್ನುತ್ತಾರೆ. ಶಿವಥೀರಿಯಂದೂ ಅದೇ ಬಗೆ. ಆದ್ದರಿಂದ ಪಾಲಿಶ್ ಹೊಡೆದು ಮಿರಮಿರ ಹೊಳೆಸಬೇಡಿ.

ಹಿಂದಿನ ಕೊಂಬನ್ನು ಪೇಪರ್ ಹಿಟ್ಟಿನಲ್ಲಿ ಮಾಡಿದರೆ ಭಾರ. ರಟ್ಟಿನಲ್ಲಿ ಕತ್ತರಿಸಿ, ನಡುವೆ ಬೈಂಡಿಂಗ್ ವೈರ್ ಇಟ್ಟು ಎರಡು ರಟ್ಟನ್ನು ಅಂಟಿಸಿ. ವೈರಿನ ತುದಿಯನ್ನು ಎರಡು ಇಂಚು ಹೊರಗೆ ಬಿಟ್ಟು ಥರ್ಮೋಕೋಲಿನೊಳಗೆ ಚುಚ್ಚಿ ಆಚೆ ಕಡೆ ಕುತ್ತಿಗೆಯ ಜಡೆಗೆ ಸುತ್ತಿ. ಅಂಚಿಗೆ ಮಾತ್ರ ಹಿಟ್ಟು ಹಚ್ಚಿ, ಬೆಂಕಿಕಡ್ಡಿಯಿಂದ ಉದ್ದುದ್ದ ಗೆರೆ ಎಳೆಯಿರಿ. ಮುಂದಿನ ಪುಟ್ಟ ಕೊಂಬು ಹಿಟ್ಟಿನಲ್ಲೇ ಆಗಲಿ.

ಕೊಂಬಿನ ಬಗ್ಗೆ ಒಂದು ಕತೆ ಇದೆ, ಮಾಡೆಲ್ ಮಾಡುವವರು ಕೇಳಲೇಬೇಕಾದದ್ದು. ಇರಾಕಿನ ಕಿಶ್ ಎಂಬ ಪುರಾತನ ಊರಲ್ಲಿ ಗಾಡಿಯ ಲಗಾಮು ಹಾಯುವ ತಾಮ್ರದ ಬಳೆ ಸಿಕ್ಕಿತು. ಅದರ ಮೇಲೊಂದು ಪುಟ್ಟ ಪ್ರಾಣಿ. ಕೊಂಬು ವಿಚಿತ್ರವಾಗಿತ್ತು. 1936ರಲ್ಲಿ ಎಡ್ವಿನ್ ಕೋಲ್ಬರ್ಟ್ ಎಂಬ ಹೆಸರಾಂತ ಪಳೆಯುಳಿಕೆ ತಜ್ಞರು, ಇದು ಶಿವಥೀರಿಯಂ ಇರಬಹುದೇ, ಸುಮೇರಿಯದ ಜನ ಅದನ್ನು ಕಣ್ಣಾರೆ ಕಂಡಿದ್ದರೇ ಎಂದು ಬರೆದರು. ಅಂದರೆ ಕೆಲವೇ ಸಾವಿರ ವರ್ಷದ ಹಿಂದೆ ಬದುಕಿತ್ತು ಎಂದಾಯಿತು. ಆಮೇಲೆ ಏನಾಯಿತು ಗೊತ್ತಾ? ಮ್ಯೂಸಿಯಮ್ಮಿನಲ್ಲೇ ಮುರಿದ ಕೊಂಬಿನ ತುಂಡುಗಳು ಸಿಕ್ಕವು. ಅಂಟಿಸಿ ನೋಡಿದರೆ ಜಿಂಕೆ! ಅದಕ್ಕೇ ಹೇಳುತ್ತೇನೆ, ನಿಮ್ಮ ಮಾಡೆಲಿನ ಕೊಂಬು ಮುರಿದರೆ ಆ ತುಂಡನ್ನು ಎಸೆಯಬೇಡಿ, ಡಬ್ಬಿಯಲ್ಲಿ ಹಾಕಿಡಿ.

ಬಣ್ಣ, ತೂಕ

ಎಲ್ಲ ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ತಿಕ್ಕಿ, ಚಾಕ್ ಪೌಡರ್ ಮತ್ತು ಫೆವಿಕಾಲ್ ಕಲಸಿದ ನೀರು ಒಂದು ಕೋಟ್ ಹೊಡೆಯಿರಿ. ಬಣ್ಣಕ್ಕೆ ಆಧಾರ ಯಾವುದೂ ಇಲ್ಲ. ಪುಟ್ಟಿಗೆ ಜಿರಾಫೆಯ ಚುಕ್ಕೆ ಬೇಕಿತ್ತು. ನಾನು ಒಕಾಪಿಯ ಚಿತ್ರ ತೋರಿಸಿದೆ. ಮೈ ಕಡು ಕಂದು, ತೊಡೆ ಮತ್ತು ಕಾಲಿನ ಮೇಲೆ ಬಿಳಿ ಪಟ್ಟೆ. ಅದು ಜೀವಂತ ಪ್ರಾಣಿಯಾಗಿಯೂ ವಿಜ್ಞಾನಿಗಳ ಪುಸ್ತಕಕ್ಕೆ ಬಂದಿದ್ದು 1901ರಲ್ಲಿ. ಸತ್ತು ಲಕ್ಷಾಂತರ ವರ್ಷವಾದ ಶಿವಥೀರಿಯಂ ಅದಕ್ಕಿಂತ 65 ವರ್ಷ ಮೊದಲೇ ಸೇರಿಕೊಂಡಿತ್ತು. ಕೊನೆಗೆ ರಾಜಿ ಆಯಿತು. ಮೈ ಒಣ ಮಣ್ಣಿನ ಬಣ್ಣ, ಹೊಟ್ಟೆ ತೆಳು, ಕಾಲಿಗೆ ಮಸುಕಾದ ಎರಡು ಪಟ್ಟೆ. ಪಟ್ಟೆ ಅವಳದು.

ಬಣ್ಣ ಒಣಗಿದ ಮೇಲೆ ಬೀದಿ ಕೊನೆಯ ಅಂಗಡಿಗೆ ಹೋಗಿ ತೂಕ ಹಾಕಿಸಿದೆ. ಪ್ಲೈವುಡ್ಡಿನ ತೂಕ ಮೊದಲೇ ನೋಡಿಟ್ಟಿದ್ದೆ, ಅದನ್ನು ಕಳೆದರೆ ಪ್ರಾಣಿ 640 ಗ್ರಾಂ. ಇದನ್ನೇಕೆ ಮಾಡಿದೆ ಎಂದರೆ, 2016ರಲ್ಲಿ ಕ್ರಿಸ್ಟೊಫರ್ ಬಸು ಮತ್ತು ಜೊತೆಯವರು ಫಾಲ್ಕನರ್ ಕಾಲದ ಲಂಡನ್ನಿನ ಮೂಳೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಮೈಯ ಗಾತ್ರ ಲೆಕ್ಕ ಹಾಕಿದರು. ತೂಕ ಸುಮಾರು 1,246 ಕಿಲೋ ಬಂತು. ಮೂಳೆ ಪೂರ್ತಿ ಸಿಗದ ಕಾರಣ 857ರಿಂದ 1,812ರವರೆಗೆ ಎಲ್ಲಾದರೂ ಇರಬಹುದು ಎಂದಿದ್ದಾರೆ. ಗಂಡಿನ ದೊಡ್ಡ ಕೊಂಬಿನ ಭಾರ ಇದರಲ್ಲಿ ಸೇರಿಲ್ಲ. ನಮ್ಮದು ಉದ್ದ, ಅಗಲ, ಎತ್ತರ ಮೂರರಲ್ಲೂ ಹತ್ತರಲ್ಲಿ ಒಂದು. ಹತ್ತು ಹತ್ತಲೆ ನೂರು, ನೂರು ಹತ್ತಲೆ ಸಾವಿರ. ಅಂದರೆ ತೂಕ ಸಾವಿರದಲ್ಲಿ ಒಂದು, ಸುಮಾರು ಒಂದೂಕಾಲು ಕಿಲೋ ಇರಬೇಕಿತ್ತು. ಅರ್ಧದಷ್ಟು ಬಂತು, ಪೇಪರ್ ತಾನೇ. ಪುಟ್ಟಿಗೆ ಈ ಲೆಕ್ಕ ಬಹಳ ಹಿಡಿಸಿತು. ಅಂಗಡಿಯವನಿಗೂ.

ಚೀಟಿಯ ಮೇಲೆ ದೊಡ್ಡದಾಗಿ "ಶಿವಥೀರಿಯಂ ಜೈಗ್ಯಾಂಟಿಯಂ" ಎಂದು ಬರೆಯಿರಿ. ಕೆಳಗೆ ಚಿಕ್ಕದಾಗಿ ಎರಡು ಸಾಲು: ಮೂಳೆಯಿಂದ ಗೊತ್ತಾದದ್ದು ಯಾವುದು, ನೀವು ಊಹಿಸಿದ್ದು ಯಾವುದು. ನಾವು ಊಹೆಯ ಸಾಲಿನಲ್ಲಿ ಮೂಗಿನ ಮಾಂಸ, ಕಿವಿ, ಬಣ್ಣ, ಪಟ್ಟೆ ಎಂದು ಬರೆದೆವು. ಪ್ರದರ್ಶನದ ದಿನ ತೀರ್ಪುಗಾರರೊಬ್ಬರು ಬಂದು ಚೀಟಿ ಓದದೆಯೇ, "ಜಿಂಕೆ ಚೆನ್ನಾಗಿದೆಯಮ್ಮ" ಎಂದರು. ಪುಟ್ಟಿ, "ಅಲ್ಲ ಸರ್, ಇರಾಕಿನಲ್ಲಿ ಒಬ್ಬರು ಜಿಂಕೆಯನ್ನ ಶಿವಥೀರಿಯಂ ಅಂದುಕೊಂಡ್ರು, ನೀವು ಶಿವಥೀರಿಯಂನ ಜಿಂಕೆ ಅಂತಿದೀರ" ಎಂದಳಂತೆ. ಬಹುಮಾನ ಬರಲಿಲ್ಲ.

ಬಸ್ಸಿನಲ್ಲಿ ಒಯ್ಯುವಾಗ ಕೊಂಬಿಗೆ ಹಳೇ ಬನಿಯನ್ ಸುತ್ತಿ, ಹಲಗೆಯನ್ನು ಹಿಡಿದು ಎತ್ತಿ, ಮೈ ಹಿಡಿದು ಎತ್ತಬೇಡಿ. ಮಳೆಗಾಲದಲ್ಲಿ ಮೇಲಟ್ಟದಲ್ಲಿ ಇಡಬೇಡಿ. ನಮ್ಮದು ಎರಡು ಮಳೆಗಾಲ ಕಂಡಿದೆ. ಮೈಲುತುತ್ತ ಹಾಕದೆ ಇದ್ದಿದ್ದಕ್ಕೆ ಇಲಿ ಒಂದು ಕಿವಿ ತಿಂದಿದೆ, ಹೊಟ್ಟೆಯ ಹತ್ತಿರವೂ ಸ್ವಲ್ಪ ಕೆರೆದಿದೆ. ಒಂದು ಕೊಂಬಿನ ಗುಬುಟು ಉದುರಿ ಡಬ್ಬಿಯಲ್ಲಿದೆ. ಕುತ್ತಿಗೆ ಮಾತ್ರ ಇಟ್ಟ ಹಾಗೇ ಇದೆ.